ಚಿತ್ರದಲ್ಲಿ ಕಾಣದ ಬೀಮು

ಗಜೇಂದ್ರಗಡದಲ್ಲಿ ನಿಂಗರಾಜ ಎಂಬ ಮನೆ ನಕ್ಷೆ ಮಾಡುವವನಿದ್ದ. ಅವನ ಕೈಗೆ ಕಂಪ್ಯೂಟರ್ ಸಿಕ್ಕರೆ ಸಾಕು, ಖಾಲಿ ಸೈಟಿನ ಮೇಲೆ ಅರ್ಧ ದಿನದಲ್ಲಿ ಮನೆ ಎದ್ದು ನಿಲ್ಲುತ್ತಿತ್ತು. ಬಾಗಿಲು ತೆರೆಯುತ್ತಿತ್ತು, ಕಿಟಕಿಯಿಂದ ಬಿಸಿಲು ಬೀಳುತ್ತಿತ್ತು, ಅಂಗಳದಲ್ಲಿ ತುಳಸಿ ಕೂಡ ಬೆಳೆದಿರುತ್ತಿತ್ತು. ಜನ ಬಾಯಿ ಬಿಟ್ಟುಕೊಂಡು ನೋಡುತ್ತಿದ್ದರು. ಕೆಲಸ ಬಲ್ಲವನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಮಾಡಿದ್ದನ್ನು ಕೂತು ಇನ್ನೊಮ್ಮೆ ನೋಡುವ ತಾಳ್ಮೆ ಅವನಿಗಿರಲಿಲ್ಲ. ಒಂದು ನಕ್ಷೆ ಮುಗಿಯುವ ಮೊದಲೇ ಅವನ ಮನಸ್ಸು ಮುಂದಿನದರ ಮೇಲೆ ಹಾರಿರುತ್ತಿತ್ತು.

ಅವನ ಹತ್ತಿರ ನೀಲವ್ವ ಬಂದಳು. ಹದಿನೆಂಟು ವರ್ಷ ಬಾಡಿಗೆ ಶೆಡ್ಡಿನಲ್ಲಿ ರೊಟ್ಟಿ ಬಡಿದು ಮಾರಿ, ಈಗ ಸ್ವಂತ ಜಾಗದಲ್ಲಿ ಮನೆ ಕಟ್ಟಿಸಲು ಹೊರಟವಳು. ಕೆಳಗೆ ಒಲೆಗಳು, ಮೇಲೆ ಕಡಕ್ ರೊಟ್ಟಿ ಒಣಗಿಸುವ ಜಾಗ, ನಡುವೆ ಒಂದು ಮೆಟ್ಟಿಲು. ಅವಳೂ ಅವಳ ಜೊತೆಯ ಐವರು ಹೆಂಗಸರೂ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟು, ಅದರ ಮೇಲೆ ರೊಟ್ಟಿಬುಟ್ಟಿ ಹೊತ್ತು ದಿನವಿಡೀ ಆ ಮೆಟ್ಟಿಲು ಹತ್ತಿ ಇಳಿಯಬೇಕು.

"ತಮ್ಮಾ, ನನಗ ಭಾಳ ಚಂದ ಏನ್ ಬ್ಯಾಡ. ಬುಟ್ಟಿ ಹೊತ್ಕೊಂಡು ನೆಟ್ಟಗ ಹತ್ತೂವಂಗ ಇರಬೇಕು, ಅಷ್ಟ. ಹಳೇ ಶೆಡ್ಡಿನಾಗ ಬಗ್ಗಿ ಬಗ್ಗಿ ಕುತ್ತಿಗಿ ಹೋಗೇತಿ. ಡಾಕ್ಟರು ಇನ್ನ ಬಗ್ಗಬ್ಯಾಡ ಅಂದಾರ. ಬಗ್ಗಿದ್ರ ಬುಟ್ಟಿ ಹೊರೂದು ಬಂದ್ ಅಂತ ತಿಳಿ," ಎಂದಳು.

"ಆತು ಬಿಡ್ರಿ ಅಕ್ಕಾರ," ಎಂದ ನಿಂಗರಾಜ, ಫೋನ್ ನೋಡುತ್ತಲೇ.

ಅವನ ಸಾಫ್ಟ್‌ವೇರಿನಲ್ಲಿ ಗೋಡೆ ಒಂದು ಪದರ, ಬೀಮು ಇನ್ನೊಂದು ಪದರ, ನಲ್ಲಿಯ ಪೈಪು ಮತ್ತೊಂದು. ಬೇಡವಾದ ಪದರವನ್ನು ಒಂದು ಗುಂಡಿ ಒತ್ತಿ ಮರೆಮಾಡಬಹುದು. ನೀಲವ್ವನ ಮೆಟ್ಟಿಲಿನ ಚಿತ್ರ ತೆಗೆದಾಗ ಅದರ ನೆತ್ತಿಯ ಮೇಲೆ ದಪ್ಪ ಬೀಮೊಂದು ಅಡ್ಡ ಬಂದು ಅಸಹ್ಯವಾಗಿ ಕಂಡಿತು. ನಿಂಗರಾಜ ಗುಂಡಿ ಒತ್ತಿದ. ಬೀಮು ಕಾಣದಾಯಿತು. ಚಿತ್ರಕ್ಕೆ ಕಳೆ ಬಂತು. ಮತ್ತೆ ಆ ಗುಂಡಿ ಒತ್ತುವುದನ್ನು ಅವನು ಮರೆತ.

ಮರುದಿನ ನೀಲವ್ವನನ್ನು ಕೂರಿಸಿ, ಮನೆಯೊಳಗೆ ಓಡಾಡಿದಂತೆ ಕಾಣುವ ಚಿತ್ರವನ್ನು ಪರದೆಯ ಮೇಲೆ ಓಡಿಸಿದ. ಕ್ಯಾಮೆರಾ ಬಾಗಿಲು ದಾಟಿತು, ಒಲೆಗಳ ಮುಂದೆ ಸುತ್ತಿತು, ಮೆಟ್ಟಿಲನ್ನು ಸರಾಗವಾಗಿ ಹತ್ತಿತು. ಹತ್ತದೆ ಏನು? ಕ್ಯಾಮೆರಾಕ್ಕೆ ತಲೆಯೂ ಇಲ್ಲ, ತಲೆಯ ಮೇಲೆ ಬುಟ್ಟಿಯೂ ಇಲ್ಲ. ಆದರೆ ಅದನ್ನು ನೀಲವ್ವನಿಗೆ ಹೇಳುವವರು ಯಾರು? ಅವಳು ಸೆರಗಿನಿಂದ ಕಣ್ಣೊರೆಸಿಕೊಂಡು, "ಹಿಂಗ ಆಗ್ಲೆಪ್ಪಾ," ಎಂದಳು.

ಕಟ್ಟುವ ಕೆಲಸ ಹಿಡಿದವನು ಗೌಂಡಿ ದಾವಲಸಾಬ. ಮೆಟ್ಟಿಲು ಎದ್ದಿತು. ಆಮೇಲೆ ಕಾಂಕ್ರೀಟ್ ಸುರಿಯಲು ಬೀಮಿಗೆ ಹಲಗೆಯ ಅಚ್ಚು ಬಡಿಯುವಾಗ ಅವನಿಗೆ ಅನುಮಾನ ಬಂತು. ಎರಡು ಸಲ ಫೋನ್ ಮಾಡಿದ.

"ಸರ, ಮೆಟ್ಲದ ಮ್ಯಾಲಿನ ಬೀಮ್ ಭಾಳ ಕೆಳಗ ಬರಾಕತ್ತೇತಿ. ಒಮ್ಮೆ ಬಂದು ನೋಡ್ರಿ."

"ಕಂಪ್ಯೂಟರಿನ್ಯಾಗ ಎಲ್ಲಾ ಬರೋಬ್ಬರಿ ಐತಿ ಸಾಬ್ರ. ನೀವು ಕಟ್ರಿ," ಎಂದು ಎರಡು ಸಲವೂ ನಿಂಗರಾಜ ಫೋನಿಟ್ಟ.

ಬೀಮಿನ ಲೆಕ್ಕ ಹಾಕಿದ್ದ ಇಂಜಿನಿಯರನ ಹಾಳೆಯೂ ಸರಿಯಾಗಿತ್ತು, ನಿಂಗರಾಜನ ಮೆಟ್ಟಿಲಿನ ಹಾಳೆಯೂ ಸರಿಯಾಗಿತ್ತು. ಎರಡನ್ನೂ ಒಂದರ ಮೇಲೊಂದಿಟ್ಟು ನೋಡಬೇಕಾದವನು ನಿಂಗರಾಜ. ಅವನು ನೋಡಲೇ ಇಲ್ಲ.

ಸ್ಲ್ಯಾಬ್ ಹಾಕುವ ದಿನ ಬಂತು. ಬೆಳಗಿನಿಂದಲೇ ಗದ್ದಲ. ಮಿಕ್ಸರ್ ತಂದು ನಿಲ್ಲಿಸಿದ್ದರು, ಜಲ್ಲಿಗೆ ನೀರು ಹೊಡೆದಿದ್ದರು, ಇಪ್ಪತ್ತು ಜನ ಆಳು ತಲೆಗೆ ಬಟ್ಟೆ ಸುತ್ತಿ ನಿಂತಿದ್ದರು. ನಿಂಗರಾಜನಿಗೆ ಹನ್ನೊಂದಕ್ಕೆ ರೋಣದಲ್ಲಿ ಇನ್ನೊಂದು ಸೈಟು. ಕಿಸೆಯಲ್ಲಿ ಫೋನು ಸುಮ್ಮನಿರಲಿಲ್ಲ, ಅವನ ಕಾಲೂ ಸುಮ್ಮನಿರಲಿಲ್ಲ. "ಲಗೂನ ಚಾಲೂ ಮಾಡ್ರಿ, ಲಗೂನ," ಎನ್ನುತ್ತ ಆ ತುದಿಯಿಂದ ಈ ತುದಿಗೆ ಓಡಾಡುತ್ತಿದ್ದ.

ಆದರೆ ಆ ಕಡೆ ಒಂದು ರೂಢಿಯಿತ್ತು. ಮನೆಯೊಡತಿ ಮೇಲೆ ಹತ್ತಿ ಕಾಯಿ ಒಡೆದ ಮೇಲೆಯೇ ಕಾಂಕ್ರೀಟ್ ಬೀಳಬೇಕು. ಅವತ್ತಿನ ಊಟವೂ ಅವಳದೇ. ನೀಲವ್ವ ಹೊಸ ಇಳಕಲ್ ಸೀರೆ ಉಟ್ಟು, ಆಳುಗಳಿಗೆಂದು ಮಾಡಿದ ರೊಟ್ಟಿಯ ಬುಟ್ಟಿ ಹೊತ್ತು ಬಂದಳು. ಹಿಂದೆ ಐವರು ಹೆಂಗಸರು, ಅವರ ತಲೆಯ ಮೇಲೂ ಬುಟ್ಟಿ. "ನನ್ನ ಮೆಟ್ಲ, ಮದಲ ನಾ ರೊಟ್ಟಿ ಹೊತ್ಕೊಂಡ ಹತ್ತತೀನಿ," ಎಂದು ನಗುತ್ತ ಹತ್ತಿದಳು.

ಒಂದು, ಎರಡು, ಮೂರು, ನಾಲ್ಕು. ಐದನೆಯ ಮೆಟ್ಟಿಲಿನಲ್ಲಿ ಠಪ್ ಎಂದಿತು. ಬುಟ್ಟಿ ಬೀಮಿನ ಹಲಗೆಗೆ ಬಡಿದು ಹಿಂದಕ್ಕೆ ವಾಲಿತು. ಹಿಂದಿದ್ದವಳು ಹಿಡಿಯದಿದ್ದರೆ ನೀಲವ್ವ ಬುಟ್ಟಿಯ ಸಮೇತ ಕೆಳಗಿರುತ್ತಿದ್ದಳು. ರೊಟ್ಟಿಗಳು ಮೆಟ್ಟಿಲ ತುಂಬ ಚೂರುಚೂರಾಗಿ ಬಿದ್ದವು.

ಎಲ್ಲರೂ ನಿಂಗರಾಜನ ಕಡೆ ತಿರುಗಿದರು. ಅವನಿಗೆ ಆ ಕ್ಷಣವೇ ಎಲ್ಲ ನೆನಪಾಯಿತು. ಬೀಮು, ಗುಂಡಿ, ದಾವಲಸಾಬನ ಎರಡು ಫೋನು. ಆದರೆ ಅವನ ನಾಲಿಗೆ ನೆನಪಿಗಿಂತ ಚುರುಕು.

"ಅದು ಸೆಂಟ್ರಿಂಗ್ ಹಲಗಿ ಅಕ್ಕಾರ. ಸ್ಲ್ಯಾಬ್ ಆದ ಮ್ಯಾಲ ತಗೀತಾರ. ಆಮ್ಯಾಲ ಜಾಗಾ ಆಗ್ತೈತಿ," ಎಂದ.

ದಾವಲಸಾಬ ಅವನ ಹತ್ತಿರ ಬಂದು, ಅವನಿಗಷ್ಟೇ ಕೇಳುವಂತೆ ಹೇಳಿದ: "ಸರ, ಹಲಗಿ ಒಂದ ಇಂಚ ಐತಿ. ಬುಟ್ಟಿ ಒಂದೂವರಿ ಫೂಟ ಐತಿ."

"ಈಗ ಸುಮ್ನಿರ್ರಿ. ಆಮ್ಯಾಲ ನೋಡೂಣು," ಎಂದು ನಿಂಗರಾಜ ಪಿಸುಗುಟ್ಟಿದ.

ಆಮೇಲೆ ಏನು ನೋಡುವುದು? ಕಾಂಕ್ರೀಟ್ ಬಿದ್ದ ಬೀಮನ್ನು ಯಾರೂ ಕೆತ್ತಿ ತೆಗೆಯುವುದಿಲ್ಲ. ಅದು ಅವನಿಗೂ ಗೊತ್ತಿತ್ತು. ಗೊತ್ತಿದ್ದೂ ಅವನ ಕಣ್ಣು ಗಡಿಯಾರದ ಮೇಲಿತ್ತು.

ನೀಲವ್ವನಿಗೆ ಮಾತ್ರ ಒಂದಿಷ್ಟೂ ಅನುಮಾನವಿಲ್ಲ. ಓದಿದವನು ಹೇಳಿದ ಮೇಲೆ ಮುಗಿಯಿತು. ಸಿಂಬಿ ಸರಿಮಾಡಿಕೊಂಡು, ಉಳಿದ ರೊಟ್ಟಿಯ ಬುಟ್ಟಿ ಮತ್ತೆ ತಲೆಗಿಟ್ಟುಕೊಂಡು, ಹೆಂಗಸರ ಕಡೆ ತಿರುಗಿ ಹೇಳಿದಳು:

"ಇವತ್ತೊಂದ ದಿನ ಬಗ್ಗಿ ಹತ್ರೆವ್ವಾ. ಹಲಗಿ ತಗದ ಮ್ಯಾಲ ನಾವು ಎಂದೂ ಬಗ್ಗೂದಿಲ್ಲ."

ಹೇಳಿ ತಾನೇ ಮೊದಲು ಬಗ್ಗಿದಳು. ಒಂದು ಕೈ ಬುಟ್ಟಿಯ ಮೇಲೆ, ಒಂದು ಕೈ ಕುತ್ತಿಗೆಯ ಹಿಂದೆ. ನೋವಿಗೆ ಮುಖ ಕಿವುಚಿತು, ಆದರೂ ನಗು ಬಿಡಲಿಲ್ಲ. ಆಮೇಲೆ ಒಬ್ಬೊಬ್ಬರಾಗಿ ಐವರೂ ಬಗ್ಗಿದರು.

ಕೆಳಗೆ ಮಿಕ್ಸರ್ ಶುರುವಾಗಿತ್ತು. ಇನ್ನು ಐದು ನಿಮಿಷ ಬಾಯಿ ಮುಚ್ಚಿಕೊಂಡರೆ ನಿಂಗರಾಜನ ಹೆಸರು ಉಳಿಯುತ್ತದೆ, ಆ ಹೆಂಗಸು ಬದುಕಿರುವವರೆಗೂ ಬಗ್ಗುತ್ತಾಳೆ. ಮೇಲೆ ಕಾಯಿ ಒಡೆದ ಸದ್ದು ಕೇಳಿತು. ಆಳುಗಳು ಜೈಕಾರ ಹಾಕಿದರು.

"ನಿಲ್ಸ್ರಿ!" ಎಂದು ನಿಂಗರಾಜ ಕೂಗಿದ. ಯಾರಿಗೂ ಕೇಳಲಿಲ್ಲ. ಓಡಿಹೋಗಿ ತಾನೇ ಮಿಕ್ಸರ್ ನಿಲ್ಲಿಸಿದ.

ಏನಾಯಿತೆಂದು ನೀಲವ್ವ ಕೆಳಗಿಳಿದು ಬಂದಳು. ಅವನು ಲ್ಯಾಪ್‌ಟಾಪ್ ತೆರೆದು ಅವಳ ಮುಂದಿಟ್ಟ. ಅದೇ ಚಿತ್ರ, ಅದೇ ಮೆಟ್ಟಿಲು. ಗುಂಡಿ ಒತ್ತಿದ. ಬೀಮು ಬಂದು ಮೆಟ್ಟಿಲಿನ ನೆತ್ತಿಯ ಮೇಲೆ ಕೂತಿತು.

"ಅಕ್ಕಾರ, ಹಲಗಿ ತಗದರೂ ಜಾಗಾ ಆಗೂದಿಲ್ಲ. ಈಗ ಹೇಳಿದ್ದು ಸುಳ್ಳು. ಈ ಬೀಮ್ ಮದಲಿಂದ್ಲೂ ಇಲ್ಲೇ ಇತ್ರಿ. ಚಿತ್ರ ಚಂದ ಕಾಣ್ಲಿ ಅಂತ ನಾನ ಮುಚ್ಚಿದ್ದೆ. ಸಾಬ್ರು ಎರಡ ಸಲ ಹೇಳಿದ್ರು, ನಾ ಕೇಳ್ಲಿಲ್ಲ," ಎಂದ. ಇಪ್ಪತ್ತು ಆಳುಗಳ ಮುಂದೆ ಅವನ ಮುಖ ಸಪ್ಪಗಾಗಿತ್ತು.

ನೀಲವ್ವ ಚಿತ್ರದ ಬೀಮಿನ ಮೇಲೆ ಬೆರಳಿಟ್ಟು ನೋಡಿದಳು. ಆಮೇಲೆ ಸಿಟ್ಟು ಬಂತು. ಬರದೇ ಇರುತ್ತದೆಯೇ?

"ಚಂದ ನೋಡಾವ ನೀನು, ಹತ್ತಾಕಿ ನಾನು," ಎಂದಳು. "ಅವತ್ತ ಇದನ್ನ ತೋರ್ಸಿದ್ರ, ಕಂಪ್ಯೂಟರ್ ಬಾರದ ನಾನ ಹೇಳ್ತಿದ್ದೆ, ಇಲ್ಲಿ ಬುಟ್ಟಿ ಬಡೀತೈತಿ ಅಂತ."

ರೋಣದ ಫೋನು ಮತ್ತೆ ಬಂತು. ಈ ಸಲ ನಿಂಗರಾಜ ಅದನ್ನು ಬಂದ್ ಮಾಡಿ ಕಿಸೆಗಿಟ್ಟ.

ಅವತ್ತು ಸ್ಲ್ಯಾಬ್ ಆಗಲಿಲ್ಲ. ಇಂಜಿನಿಯರನ್ನು ಕರೆಸಿದರು. ಅವನು ಮತ್ತೆ ಲೆಕ್ಕ ಹಾಕಿ, ಬೀಮನ್ನು ಎರಡೂವರೆ ಅಡಿ ಹಿಂದೆ ಸರಿಸಲು ಒಪ್ಪಿದ. ಕಟ್ಟಿದ ಕಬ್ಬಿಣ ಬಿಚ್ಚಿ ಮತ್ತೆ ಕಟ್ಟಲು ಆರು ದಿನ ಹಿಡಿಯಿತು. ಆ ಆರೂ ದಿನ ನಿಂಗರಾಜ ಬೇರೆ ಸೈಟಿಗೆ ಹೋಗಲಿಲ್ಲ.

ಏಳನೆಯ ದಿನ ಮಿಕ್ಸರ್ ಮತ್ತೆ ಬಂತು. ದಾವಲಸಾಬ ಶುರುಮಾಡಲು ಕೈ ಎತ್ತಿದ. "ತಡೀರಿ ಸಾಬ್ರ," ಎಂದ ನಿಂಗರಾಜ. ನೀಲವ್ವನಿಂದ ಸಿಂಬಿ ಇಸಿದುಕೊಂಡು ತನ್ನ ತಲೆಗಿಟ್ಟ. ಅದರ ಮೇಲೆ ರೊಟ್ಟಿಬುಟ್ಟಿ ಹೊತ್ತ. ಕುತ್ತಿಗೆ ನಡುಗಿತು, ಹೆಂಗಸರು ಕಿಸಕ್ಕೆಂದು ನಕ್ಕರು. ಅವನು ಒಂದೊಂದೇ ಮೆಟ್ಟಿಲು ಹತ್ತಿದ. ಐದನೆಯದರಲ್ಲಿ ನಿಂತು ಉಸಿರು ಹಿಡಿದ. ಏನೂ ಬಡಿಯಲಿಲ್ಲ.

"ಈಗ ಚಾಲೂ ಮಾಡ್ರಿ," ಎಂದಳು ನೀಲವ್ವ.

ನೀತಿ: ಚಂದ ಕಾಣಲೆಂದು ಮರೆಮಾಡಿದ್ದು ಮಾಯವಾಗುವುದಿಲ್ಲ, ಒಂದು ದಿನ ಯಾರದೋ ತಲೆಗೆ ಬಡಿಯುತ್ತದೆ. ಮನೆಯ ನಕ್ಷೆಯನ್ನು ಅಲ್ಲಿ ಬಾಳುವವರ ತಲೆಯ ಮೇಲಿನ ಹೊರೆಯ ಸಮೇತ ನೋಡಿ. ತಪ್ಪು ಕಂಡರೆ, ಕಾಂಕ್ರೀಟ್ ಬೀಳುವ ಮೊದಲೇ ಒಪ್ಪಿಕೊಳ್ಳಿ.