ಹಾಲವ್ವನ ಕೊರಕಲು

ಕಾಡರಗಿಯ ಗುಡ್ಡದಿಂದ ಇಳಿದು ಊರನ್ನು ಬಳಸಿ ಹೋಗುವ ಕರಿಕಲ್ಲಿನ ಆಳವಾದ ಕೊರಕಲಿಗೆ ಹಾಲವ್ವನ ಕೊರಕಲು ಎಂದು ಹೆಸರು. ಮಳೆಗಾಲದಲ್ಲೂ ಅದರಲ್ಲಿ ಮೊಣಕಾಲುದ್ದ ನೀರು ನಿಲ್ಲುವುದಿಲ್ಲ. ಇಷ್ಟು ಗಟ್ಟಿ ನೆಲವನ್ನು ಕೊರೆದ ಹೊಳೆ ಎಲ್ಲಿ ಹೋಯಿತು ಎಂದು ಹೊಸಬರು ಕೇಳುತ್ತಾರೆ. ಕೊರೆದದ್ದು ನೀರಲ್ಲ, ಬೆಂಕಿ.

ಹಿಂದೆ ಒಮ್ಮೆ ಆ ಗುಡ್ಡದ ನೆತ್ತಿ ಬಿರಿದು, ಕರಗಿದ ಕಲ್ಲು ಕೆಂಪು ಹೊಳೆಯಾಗಿ ಊರಿನತ್ತ ಇಳಿಯಿತು ಎನ್ನುತ್ತಾರೆ. ಹೊಲಗಳಿಗೆ ನೀರು ತಿರುವುವ ಕೆಲಸ ಬರಮಣ್ಣನದು. ಒಡ್ಡು ಹಾಕಿ, ಕಾಲುವೆ ತೋಡಿ, ಎಂಥ ನೀರನ್ನೂ ಹೇಳಿದ ಕಡೆಗೆ ಕಳಿಸಬಲ್ಲವನು. ಜನ ಅವನ ಕಾಲಿಗೆ ಬಿದ್ದರು. "ಬಡಗ ದಿಕ್ಕಿಗೆ ತಿರುವೋ ಬರಮಣ್ಣ, ಆ ಕಡಿಗೆ ಯಾರೂ ಇಲ್ಲ," ಎಂದರು. ಅವನೂ ಹೌದೆಂದುಕೊಂಡ. ಎಲ್ಲರೂ ಸೇರಿ ಗುಡ್ಡದ ಬುಡದಲ್ಲಿ ಒಡ್ಡು ಕಟ್ಟಿ, ಮೊಣಕಾಲುದ್ದ ಆಳದ ಕಾಲುವೆ ತೋಡಿದರು. ಬೆಂಕಿ ಹಟ್ಟಿಗೆ ಹೋಗುವ ಆಕಳಂತೆ ತಲೆ ತಗ್ಗಿಸಿ ಅದರೊಳಗೆ ಇಳಿಯಿತು. ಊರು ಉಳಿಯಿತೆಂದು ಜನ ಕುಣಿದಾಡಿದರು.

ಆದರೆ ಆ ಕಡೆಗೆ ಒಬ್ಬಳಿದ್ದಳು. ಮುಟ್ಟಾದ ಹೆಣ್ಣು ಊರಾಚೆಯ ಗುಡಿಸಲಲ್ಲಿರಬೇಕು, ಅಷ್ಟು ದಿನ ಅವಳ ಹೆಸರನ್ನು ಯಾರೂ ಎತ್ತಬಾರದು, ಮನೆಯವರು ಹೆಸರು ಹಿಡಿದು ಕೂಗಿದ ಮೇಲೆಯೇ ಅವಳು ಗಡಿಕಲ್ಲು ದಾಟಬೇಕು ಎಂಬುದು ಆಗಿನ ಕಟ್ಟಳೆ. ಬರಮಣ್ಣನ ಒಬ್ಬಳೇ ಮಗಳು ಹಾಲವ್ವ ಹಿಂದಿನ ದಿನವಷ್ಟೇ ಅಲ್ಲಿಗೆ ಹೋಗಿದ್ದಳು. ಹೆಸರೆತ್ತದ ಊರು ಅವಳನ್ನೇ ಮರೆತಿತ್ತು. ಹೆತ್ತ ಅಪ್ಪನೂ ಮರೆತಿದ್ದ.

ಕೆಳಗೆ, ಗಡಿಕಲ್ಲಿನ ಆಚೆ, ಅವಳು ನಿಂತಿದ್ದು ಬರಮಣ್ಣನಿಗೆ ಕಂಡಿತು. ಓಡಿಹೋಗಬಹುದಿತ್ತು, ಹೋಗಲಿಲ್ಲ, ಕರೆಯುತ್ತಾರೆಂದು ಕಾಯುತ್ತಿದ್ದಳು. ಊರು ಸುಟ್ಟರೆ ಸುಡಲಿ ಎಂದು ಬರಮಣ್ಣ ಸಲಿಕೆ ಬೀಸಿ ಒಡ್ಡು ಒಡೆದ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ನೀರಾಗಿದ್ದರೆ ತಿರುಗುತ್ತಿತ್ತು. ನೀರು ಕಾಲುವೆಯಲ್ಲಿ ಹೂಳು ಬಿಟ್ಟುಹೋಗುತ್ತದೆ, ಬೆಂಕಿ ತನ್ನ ತಳವನ್ನೇ ಕರಗಿಸಿ ತಿನ್ನುತ್ತದೆ. ಅವನು ತೋಡಿದ ಕಾಲುವೆ ಅಷ್ಟರಲ್ಲಿ ಎರಡಾಳು ಆಳ ಇಳಿದಿತ್ತು. ಅಲ್ಲಿಂದ ಬೆಂಕಿ ಮೇಲೇರಲಿಲ್ಲ. ದಂಡೆಗುಂಟ ಓಡಿ, "ಹಾಲವ್ವಾ, ಬಾರವ್ವಾ!" ಎಂದು ಕೂಗಿದ. "ಬಂದ್ನೆಪ್ಪಾ," ಎಂದು ಅವಳು ಗಡಿಕಲ್ಲು ದಾಟಿದಳು. ಬೆಂಕಿ ಒಳಗಿಂದ ತಿಂದಿದ್ದ ದಂಡೆ ಅವಳ ಕಾಲಡಿಯಲ್ಲಿ ಕುಸಿಯಿತು.

ಆ ಗುಡಿಸಲನ್ನು ಮತ್ತೆ ಯಾರೂ ಕಟ್ಟಲಿಲ್ಲ. ಗಡಿಕಲ್ಲು ಮಾತ್ರ ಕೊರಕಲಿನ ಅಂಚಿನಲ್ಲಿ ಈಗಲೂ ವಾಲಿಕೊಂಡು ನಿಂತಿದೆ. ಆ ದಾರಿಯಲ್ಲಿ ಹೋಗುವ ಗಂಡಸರು ಅದರ ಮುಂದೆ ನಿಂತು ತಮ್ಮ ಮನೆಯ ಹೆಣ್ಣುಮಕ್ಕಳ ಹೆಸರುಗಳನ್ನು ಗಟ್ಟಿಯಾಗಿ ಕೂಗುತ್ತಾರೆ, ಕೊನೆಗೆ ಹಾಲವ್ವನ ಹೆಸರನ್ನೂ ಕೂಗುತ್ತಾರೆ. ಅಂದು ಒಬ್ಬರಾದರೂ ಮೊದಲೇ ಕೂಗಿದ್ದರೆ ಸಾಕಿತ್ತು.