ಅಡಿವೆಯ್ಯನ ನೆರಿಗೆ, ಚಂಬಣ್ಣನ ಪಟ್ಟಿ

ಹೊಳೆಯ ದಂಡೆಯ ಮೇಲೊಂದು ಮಠ. ಮಠದ ಹೊರಬಾಗಿಲಲ್ಲಿ ಒಂದು ತೊಟ್ಟಿಲು. ಹೆತ್ತು ಸಾಕಲಾರದವರು ಕೂಸನ್ನು ತಂದು ಅದರಲ್ಲಿ ಮಲಗಿಸಿ, ಪಕ್ಕದ ಗಂಟೆ ಬಾರಿಸಿ ಹೋಗುತ್ತಿದ್ದರು. ಯಾರು, ಯಾಕೆ ಎಂದು ಮಠ ಕೇಳುತ್ತಿರಲಿಲ್ಲ.

ಮಠದ ಗುರುಗಳನ್ನು ಎಲ್ಲರೂ ಅಜ್ಜಾರು ಎನ್ನುತ್ತಿದ್ದರು. ಅವರು ಉಪದೇಶ ಮಾಡಿದ್ದು ಕಡಿಮೆ, ಕೂಸುಗಳ ಕುಂಡಿ ತೊಳೆದದ್ದು ಹೆಚ್ಚು. ಮೋಕ್ಷದ ದಾರಿ ಕೇಳಿಕೊಂಡು ಬಂದವರ ಕೈಗೂ ಮೊದಲು ಒಂದು ಕೂಸನ್ನೇ ಕೊಡುತ್ತಿದ್ದರು. ಅರ್ಧ ಜನ ಅಲ್ಲಿಂದಲೇ ವಾಪಸು ಹೋಗುತ್ತಿದ್ದರು.

ಹೋಗದೆ ಉಳಿದವರಲ್ಲಿ ಹಿರಿಯ ಅಡಿವೆಯ್ಯ.

ಅವನು ಬಾಳೆನಾರನ್ನು ಬಡಿದು ಮೆತ್ತಗೆ ಮಾಡಿ, ಹತ್ತಿಯಲ್ಲಿ ಸುತ್ತಿ, ಒಮ್ಮೆ ಕಟ್ಟಿ ಗೊಬ್ಬರದ ಗುಂಡಿಗೆ ಬಿಸಾಡುವಂಥ ಡೈಪರ್ ಹೊಲಿಯುತ್ತಿದ್ದ. ಮಳೆಗಾಲದಲ್ಲಿ ಬಟ್ಟೆ ಒಣಗದೆ ಕೂಸುಗಳ ತೊಡೆಯೆಲ್ಲ ಕೆಂಪಾಗುತ್ತಿದ್ದ ಕಷ್ಟ ಅದರಿಂದ ತಪ್ಪಿತ್ತು. ಆದರೆ ಇನ್ನೊಂದು ಪೇಚು ಉಳಿದಿತ್ತು. ಒಂದು ಅಳತೆಗೆ ರಾಶಿ ಹೊಲಿದಿಡುವಷ್ಟರಲ್ಲಿ ಕೂಸು ಆ ಅಳತೆ ದಾಟಿರುತ್ತಿತ್ತು. ಹೊಸದಾಗಿ ಬಂದ ಕೂಸಿಗೆ ಅದೇ ಡೈಪರ್ ಕಂಬಳಿಯಷ್ಟು ದೊಡ್ಡದಾಗುತ್ತಿತ್ತು.

ಅಜ್ಜಾರು ಒಂದು ದಿನ ಅಂದರು, "ಅಡಿವೆಯ್ಯ, ಕೂಸು ಬೆಳದಂಗ ತಾನೂ ಬೆಳಿಯೂವಂಥಾದ್ದು ಒಂದು ಮಾಡು."

ಅಡಿವೆಯ್ಯ ಊಟ ನಿದ್ದೆ ಬಿಟ್ಟು ಕೂತ. ಕಡೆಗೆ ಸೊಂಟದ ಭಾಗದಲ್ಲಿ ನಾಲ್ಕು ನೆರಿಗೆ ಹಿಡಿದು, ಒಂದೊಂದಕ್ಕೂ ಒಂದೊಂದು ಎಳೆ ದಾರ ಹಾಕಿದ. ಹುಟ್ಟಿದ ಕೂಸಿಗಾದರೆ ಹಾಗೇ ಕಟ್ಟುವುದು. ಕೂಸು ದೊಡ್ಡದಾದ ಹಾಗೆ ಒಂದು ಎಳೆ ಜಗ್ಗಿದರೆ ಒಂದು ನೆರಿಗೆ ಬಿಚ್ಚುತ್ತದೆ. ಹಸಿ ಹೊಕ್ಕುಳಿಗೆ ತಾಗದಂತೆ ಮುಂಭಾಗವನ್ನು ಅರ್ಧಚಂದ್ರನ ಹಾಗೆ ಕತ್ತರಿಸಿದ್ದ.

ಅಜ್ಜಾರು ಅದನ್ನು ನೋಡಿ "ಚಲೋ ಆಗೈತಿ" ಎಂದರು. ಅವರ ಬಾಯಿಂದ ಇಂಥ ಮಾತು ಬೀಳುವುದು ಅಪರೂಪ. ಅಡಿವೆಯ್ಯನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಮಾರನೆಯ ದಿನವೇ ಚಂಬಣ್ಣನೂ ಒಂದು ಹೊಲಿದುಕೊಂಡು ಬಂದ.

ಚಂಬಣ್ಣ ಮಠ ಸೇರಿ ವರ್ಷವೂ ಆಗಿರಲಿಲ್ಲ. ನಗುವವನು, ಹಾಡುವವನು, ಸೂಜಿ ಎಲ್ಲಿಟ್ಟೆ ಎಂದು ದಿನಾ ಹುಡುಕುವವನು. ಅವನ ಡೈಪರಿನಲ್ಲಿ ನೆರಿಗೆ ಇಲ್ಲ, ಎಳೆ ಇಲ್ಲ. ಎರಡು ಉದ್ದನೆಯ ಪಟ್ಟಿಗಳು ತೊಡೆಯ ಕೆಳಗಿಂದ ಬಂದು, ಹಾಯ್ದು, ಬದಿಯಲ್ಲಿ ಸಿಕ್ಕಿಸಿಕೊಳ್ಳುತ್ತಿದ್ದವು. ಕೂಸು ಎಷ್ಟಿದೆಯೋ ಅಷ್ಟಕ್ಕೆ ಎಳೆದು ಸಿಕ್ಕಿಸಿದರಾಯಿತು.

ಅಜ್ಜಾರು ಅದನ್ನು ತಿರುಗಿಸಿ ಮುರುಗಿಸಿ ನೋಡಿ ಅಂದರು, "ಇದೂ ಚಲೋ ಆಗೈತಿ."

ಆ ಮಾತು ಅಡಿವೆಯ್ಯನ ಎದೆಯಲ್ಲಿ ಮುಳ್ಳಿನಂತೆ ಮುರಿದುಕೊಂಡಿತು. ಎಷ್ಟೋ ವರ್ಷ ಸೇವೆ ಮಾಡಿ ಗಳಿಸಿದ ಒಂದು ಮಾತನ್ನು ನಿನ್ನೆ ಮೊನ್ನೆ ಬಂದವನು ಹಾಡುತ್ತಾ ಬಂದು ಎತ್ತಿಕೊಂಡು ಹೋಗಿದ್ದ.

ತಾಲೂಕಿನ ಆಸ್ಪತ್ರೆಯವರು ಬಾಣಂತಿಯರ ವಾರ್ಡಿಗೆ ಇಂಥ ಡೈಪರ್ ಬೇಕೆಂದು ಕೇಳಿದ್ದರು. ಕಳಿಸುವುದು ಯಾರದನ್ನು? ಅದೇ ವಾರ ತೊಟ್ಟಿಲಿಗೆ ಎರಡು ಕೂಸುಗಳು ಬಂದವು. ಹೆಣ್ಣಿಗೆ ತುಂಗವ್ವ, ಗಂಡಿಗೆ ಕಲ್ಲಪ್ಪ ಎಂದು ಹೆಸರಿಟ್ಟರು.

"ತುಂಗವ್ವ ಅಡಿವೆಯ್ಯಗ, ಕಲ್ಲಪ್ಪ ಚಂಬಣ್ಣಗ" ಎಂದರು ಅಜ್ಜಾರು. "ತಾವು ಹೊಲದಿದ್ದು ತಾವ ಕಟ್ಟ್ರಿ. ಕೂಸು ಬೋರಲ ಬೀಳೂ ಮಟ ಯಾವುದು ಬಾಳಿಕಿ ಬರತೈತೋ ಅದನ್ನ ಕಳಸೂಣು."

ಅಡಿವೆಯ್ಯ ತುಂಗವ್ವನನ್ನು ಸಾಕಿದ ರೀತಿಗೆ ಯಾರೂ ಹೆಸರಿಡುವಂತಿರಲಿಲ್ಲ. ಕೂಸಿನ ಬಾಯಿಗೆ ಹಾಲು ಬಿಡುವ ಮೂತಿಯ ಚಮಚ, ಆ ಒಳಲೆಯನ್ನು, ತಾನೇ ಕುದಿಸಿ, ತಾನೇ ಆರಿಸಿ, ಕುಡಿಸುತ್ತಿದ್ದ. ಎಣ್ಣೆ ತಿಕ್ಕುತ್ತಿದ್ದ. ತುಂಗವ್ವ ಕುಂಬಳಕಾಯಿಯ ಹಾಗೆ ಉಬ್ಬಿದಳು. ಮೊದಲ ಎಳೆ ಜಗ್ಗಿದ. ಎರಡನೆಯದನ್ನೂ ಜಗ್ಗಿದ. ಆಗ ನೋಡುತ್ತಾನೆ, ತೊಡೆಯ ಸುತ್ತ ಕೆಂಪು ಗೆರೆ ಬಿದ್ದಿದೆ.

ಅವನು ಎಡವಿದ್ದು ಉಡಿದಾರದಲ್ಲಿ. ಮಠದಲ್ಲಿ ಹೆಸರಿಟ್ಟ ದಿನ ಕೂಸಿನ ಸೊಂಟಕ್ಕೆ ಉಡಿದಾರ ಕಟ್ಟುತ್ತಾರೆ, ಬಿಗಿಯಾದರೆ ಬಿಚ್ಚಿ ಬೇರೆ ಕಟ್ಟುತ್ತಾರೆ. ಬಿಚ್ಚಿದವೆಲ್ಲ ಎಷ್ಟೋ ವರ್ಷದಿಂದ ಒಂದು ಗೂಟದಲ್ಲಿ ತೂಗುತ್ತಿದ್ದವು. ಅಡಿವೆಯ್ಯ ಅವನ್ನೇ ಒಂದೊಂದಾಗಿ ಅಳೆದು ನೆರಿಗೆಯ ಲೆಕ್ಕ ಹಿಡಿದಿದ್ದ. ತೊಡೆಗೆ ಯಾರೂ ದಾರ ಕಟ್ಟುವುದಿಲ್ಲವಲ್ಲ. ಕೂಸು ಮೊದಲು ತುಂಬಿಕೊಳ್ಳುವುದು ಅಲ್ಲೇ.

ಇನ್ನೊಂದು ನೆರಿಗೆ ಬಿಚ್ಚಿದ. ಸೊಂಟ ಸಡಿಲವಾಯಿತೇ ಹೊರತು ತೊಡೆಯ ಬಿಗಿ ಹೋಗಲಿಲ್ಲ. ಉಳಿದದ್ದು ಒಂದೇ ನೆರಿಗೆ.

ಅತ್ತ ಚಂಬಣ್ಣನ ಪಟ್ಟಿಗಳು ಮೊದಲ ದಿನ ಎಲ್ಲಿ ಸಿಕ್ಕಿಸಿದ್ದನೋ ಅಲ್ಲೇ ಇದ್ದವು. ಯಾಕೆಂದರೆ ಕಲ್ಲಪ್ಪ ಬೆಳೆಯುತ್ತಲೇ ಇರಲಿಲ್ಲ.

ಅಡಿವೆಯ್ಯನಿಗೆ ಹೊಟ್ಟೆಕಿಚ್ಚಾಯಿತು. ಚಂಬಣ್ಣನ ಮೇಲಾಯಿತು, ಸರಿ. ಆ ಒಣಕಲು ಕೂಸಿನ ಮೇಲೂ ಆಯಿತು. ಇವನಿಗೊಂದು ಸಣ್ಣ ಕೂಸು ಸಿಕ್ಕಿತು ನೋಡು, ಪುಣ್ಯವಂತ, ಎಂದುಕೊಂಡ. ಎಲುಬು ಕಾಣುವ ಕೂಸನ್ನು ನೋಡಿ ಕರುಬಿದವನು ಲೋಕದಲ್ಲಿ ಅವನೊಬ್ಬನೇ ಇರಬೇಕು.

ಕೈ ಖಾಲಿಯಾದಾಗಲೆಲ್ಲ ಚಂಬಣ್ಣನ ಕೋಣೆಯ ಕಿಟಕಿಯ ಬಳಿ ಹೋಗಿ ನಿಲ್ಲುತ್ತಿದ್ದ. ಪಟ್ಟಿ ಸರಿಯಿತೇ? ಇಲ್ಲ. ಬೆನ್ನ ಹಿಂದೆ ಜಾರಿತೇ? ಇಲ್ಲ. ಹಾಗೆ ನೋಡಿ ನೋಡಿ ಅವನಿಗೆ ಬೇರೊಂದು ಸಂಗತಿ ಕಂಡಿತು. ಚಂಬಣ್ಣ ಹಾಲು ಕುಡಿಸುತ್ತಾ ಹಾಡುತ್ತಿದ್ದ. ಹಾಡು ಸೊಗಸಾಗಿತ್ತು. ಎರಡು ಒಳಲೆ ಇಳಿಯುವಷ್ಟರಲ್ಲಿ ಕೂಸು ನಿದ್ದೆ ಹೋಗುತ್ತಿತ್ತು. ಹೊಟ್ಟೆ ತುಂಬಿತೆಂದು ಚಂಬಣ್ಣ ಮಲಗಿಸಿಬಿಡುತ್ತಿದ್ದ. ಹಾಡು ನಿಲ್ಲಿಸಿ ಅಂಗಾಲು ತಿಕ್ಕಿದ್ದರೆ ಕೂಸು ಎದ್ದು ಮತ್ತೆ ಕುಡಿಯುತ್ತಿತ್ತು.

ಅಡಿವೆಯ್ಯ ನೋಡಿದ. ತುಟಿ ಬಿಚ್ಚಲಿಲ್ಲ.

ಒಂದು ಮಧ್ಯಾಹ್ನ ಚಂಬಣ್ಣನೇ ಬಂದ. ಮುಖದಲ್ಲಿ ನಗುವಿರಲಿಲ್ಲ.

"ಅಣ್ಣಾ, ನಿನ್ನ ಕೂಸು ಹ್ಯಾಂಗ ಮೈ ತುಂಬ್ಯಾಳ ನೋಡು. ನಮ್ಮ ಕಲ್ಲಪ್ಪಗ ಯಾಕ ಮೈ ಹತ್ತವಲ್ದು?"

ಕೆಣಕಲು ಬಂದಿದ್ದಾನೆ ಎಂದೇ ಅಡಿವೆಯ್ಯ ತಿಳಿದ. "ನಿನ್ನ ಡೈಪರ್ ಅಂತೂ ಒಂದು ಬೆರಳು ಸರದಿಲ್ಲ. ಮತ್ತೇನು ಬೇಕು ನಿನಗ?"

"ಡೈಪರ್ ತಗೊಂಡು ಏನು ಮಾಡ್ಲಿ ಅಣ್ಣಾ. ಎತ್ತಿಕೊಂಡ್ರ ಎಲುಬು ಕೈಗೆ ಹತ್ತತಾವ."

"ಹಾಲು ಕುಡಸು."

"ಕುಡಸ್ತೀನಿ. ಎರಡು ಒಳಲಿ ಕುಡುದು ಮಲಗಿಬಿಡತೈತಿ. ನೀ ಹಿರ್ಯಾ, ನಿನಗ ಗೊತ್ತಿರತೈತಿ ಅಂತ ಕೇಳಾಕ ಬಂದೆ."

ಮಾತು ಅಡಿವೆಯ್ಯನ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡ. "ಅಷ್ಟ ಸಾಕಾಗಿರಬೇಕು ಅದಕ್ಕ" ಎಂದ.

ಚಂಬಣ್ಣ ತಲೆ ಆಡಿಸಿ ಹೋದ.

ಅವತ್ತಿನಿಂದ ಅಡಿವೆಯ್ಯನ ಕಣ್ಣೆಲ್ಲ ತುಂಗವ್ವನ ತೊಡೆಯ ಮೇಲೆ. ಇನ್ನಷ್ಟು ದಪ್ಪಗಾದರೆ ಮುಗಿಯಿತು. ಈ ಕೂಸು ಯಾಕಾದರೂ ಇಷ್ಟು ಬೆಳೆಯುತ್ತಿದೆಯೋ ಎಂದು ಮೊದಲ ಸಲ ಅನ್ನಿಸಿತು. ಅನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು. ಆದರೂ ಬೆಳಿಗ್ಗೆ ಹಾಲು ಕುಡಿಸುವಾಗ, ಬಟ್ಟಲಲ್ಲಿ ಇನ್ನೂ ಹಾಲಿರುವಾಗಲೇ, ಒಳಲೆಯನ್ನು ಪಕ್ಕಕ್ಕಿಟ್ಟ. ತುಂಗವ್ವ ಬಾಯಿ ತೆರೆದುಕೊಂಡೇ ಇದ್ದಳು.

"ಸಾಕವಾ" ಎಂದ.

ಸಂಜೆಯೂ ಹಾಗೇ ಮಾಡಿದ. ತುಂಗವ್ವ ಅತ್ತಳು. ಮಾರನೆಯ ಬೆಳಿಗ್ಗೆ ಒಳಲೆ ಕೆಳಗಿಡುವ ಹೊತ್ತಿಗೆ ಬಾಗಿಲಲ್ಲಿ ಅಜ್ಜಾರು ನಿಂತಿದ್ದರು.

"ಸಾಕಾತೇನು?"

"ಹೂಂ ಅಜ್ಜಾರ."

"ಕೂಸಿಗೆ ಸಾಕಾತೋ, ನಿನಗ ಸಾಕಾತೋ?"

ಅಡಿವೆಯ್ಯನ ಕುತ್ತಿಗೆ ಬಗ್ಗಿತು.

ಅಜ್ಜಾರು ಬಯ್ಯಲಿಲ್ಲ. ಕೂಸನ್ನು ತಮ್ಮ ಮಡಿಲಿಗೆ ಎಳೆದುಕೊಂಡು, ಅದು ತಾನಾಗಿ ಮುಖ ತಿರುಗಿಸುವ ತನಕ ಹಾಲು ಕುಡಿಸಿದರು. ಬೆನ್ನು ತಟ್ಟಿ ತೇಗಿಸಿ, ಹೆಗಲಿಗೆ ಹಾಕಿಕೊಂಡು ಹೊರಟರು. ತಿರುಗಿ ಬಂದಾಗ ಹೆಗಲ ಮೇಲಿದ್ದದ್ದು ಕಲ್ಲಪ್ಪ. ಕಂಕುಳಲ್ಲಿ ಚಂಬಣ್ಣ ಹೊಲಿದ ಡೈಪರುಗಳ ಕಟ್ಟು.

"ಇವತ್ತಿಂದ ಇಂವ ನಿನ್ನ ಮಗ. ತುಂಗವ್ವನ್ನ ಚಂಬಣ್ಣ ನೋಡಿಕೋತಾನ."

"ಅವನ ಡೈಪರ್ ನಾ ಕಟ್ಟಬೇಕೇನ್ರಿ?"

"ಅದು ಸಾಲೂದಿಲ್ಲ ಅಂತ ತೋರಸೂ ಆಸೆ ಇಲ್ಲೇನು ನಿನಗ?"

ಅಡಿವೆಯ್ಯ ಸುಳ್ಳು ಹೇಳಲಿಲ್ಲ. "ಐತ್ರಿ."

"ಹಂಗಾರ ಅದರಾಗ ಹಿಡೀಲಾರದಂಗ ಕೂಸನ್ನ ಬೆಳಸು."

ಅಡಿವೆಯ್ಯನ ಕಣ್ಣು ಮಿಂಚಿದವು. ಅದು ಒಳ್ಳೆಯ ಮಿಂಚೇನಲ್ಲ.

ಅವತ್ತೇ ಶುರು ಹಚ್ಚಿದ. ಕಲ್ಲಪ್ಪ ಎರಡನೆಯ ಒಳಲೆಗೆ ಕಣ್ಣು ಮುಚ್ಚಿದ. ಅಡಿವೆಯ್ಯ ಅಂಗಾಲು ತಿಕ್ಕಿದ. ಕೂಸು ಮುಖ ಸಿಂಡರಿಸಿ ಮತ್ತೆ ಬಾಯಿ ತೆರೆಯಿತು. ಮತ್ತೆ ಮುಚ್ಚಿತು, ಮತ್ತೆ ತಿಕ್ಕಿದ. "ಕುಡಿಯೋ" ಎಂದು ಗದರಿದ. "ಅವನ ಪಟ್ಟಿ ಹರೀಬೇಕು, ಕುಡಿ." ಹಗೆತನದಿಂದ ಇಷ್ಟು ಅಕ್ಕರೆಯ ಕೆಲಸ ನಡೆದದ್ದು ಆ ಮಠದಲ್ಲಿ ಅದೇ ಮೊದಲು.

ಪಟ್ಟಿ ಒಂದು ಬೆರಳು ಸರಿಯಿತು. ಅಡಿವೆಯ್ಯ ಹಿಗ್ಗಿದ. ಇನ್ನೊಂದು ಬೆರಳು ಸರಿಯಿತು. ಕೆನ್ನೆ ಬಂತು, ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬಂತು.

ಉರಿ ಮಾತ್ರ ಆರಲಿಲ್ಲ. ಅಂಗಳದ ಆಚೆ ಚಂಬಣ್ಣ ಹಾಡಿದರೆ ತುಂಗವ್ವ ಕೇಕೆ ಹಾಕುತ್ತಿದ್ದಳು. ತನ್ನ ಕೈಯಲ್ಲಿದ್ದಾಗ ಅವಳು ಹಾಗೆ ನಕ್ಕದ್ದೇ ಇಲ್ಲ. ಸಾಲದ್ದಕ್ಕೆ ಚಂಬಣ್ಣ ಅಡಿವೆಯ್ಯನ ಡೈಪರನ್ನು ತೊಡೆಯ ಕಡೆ ಕತ್ತರಿಸಿ ತನ್ನ ಪಟ್ಟಿ ಹೊಲಿದಿದ್ದ. ಸೊಂಟಕ್ಕೆ ಇವನ ನೆರಿಗೆ, ತೊಡೆಗೆ ಅವನ ಪಟ್ಟಿ. ತುಂಗವ್ವನ ತೊಡೆಯ ಕೆಂಪು ಗೆರೆ ಮಾಯವಾಯಿತು. ತನಗೇಕೆ ಇದು ಹೊಳೆಯಲಿಲ್ಲ ಎಂದು ಅಡಿವೆಯ್ಯ ಕೈ ಕೈ ಹಿಸುಕಿಕೊಂಡ.

ಒಂದು ಬೆಳಿಗ್ಗೆ ಕಲ್ಲಪ್ಪ ಚಾಪೆಯ ಮೇಲೆ ಕೈಕಾಲು ಬಡಿದು, ಮುಕ್ಕಿರಿದು, ಒಂದೇ ಏಟಿಗೆ ಬೋರಲು ಬಿದ್ದ. ಬೆನ್ನ ಕಡೆ ಪಟ್ಟಿ ಸರಕ್ಕನೆ ಬಿಚ್ಚಿಕೊಂಡಿತು.

ಅಡಿವೆಯ್ಯ ಬರಿಮೈಯ ಕೂಸನ್ನು ಒಂದು ಕೈಯಲ್ಲಿ, ಬಿಚ್ಚಿದ ಡೈಪರನ್ನು ಇನ್ನೊಂದು ಕೈಯಲ್ಲಿ ಹಿಡಿದು ಹೊಳೆಯ ದಂಡೆಗೆ ಓಡಿದ. ಅಜ್ಜಾರು ಕಟ್ಟೆಯ ಮೇಲೆ ಕೂತು ಆಸ್ಪತ್ರೆಗೆ ಕಳಿಸುವ ಡೈಪರುಗಳನ್ನು ಗಂಟು ಕಟ್ಟುತ್ತಿದ್ದರು. ಪಕ್ಕದಲ್ಲಿ ಚಂಬಣ್ಣ ನಿಂತಿದ್ದ.

"ಬಿಚ್ಚಿತ್ರಿ ಅಜ್ಜಾರ. ಅವಂದೂ ಬಾಳಿಕಿ ಬರಲಿಲ್ಲ."

"ನಿಂದು ತೊಡಿಗೆ ಬಿಗೀತು, ಅವಂದು ಬೆನ್ನಿಗೆ ಬಿಚ್ಚಿತು" ಎಂದರು ಅಜ್ಜಾರು. "ಅದಕ್ಕ ಇಬ್ಬರದೂ ಕೂಡಿ ಹೊಲದಿದ್ದನ್ನ ಕಳಸಾಕ ಹತ್ತೀನಿ."

ಚಂಬಣ್ಣನಿಗೆ ಯಾವ ಡೈಪರೂ ಕಾಣುತ್ತಿರಲಿಲ್ಲ. ಅವನು ಕಲ್ಲಪ್ಪನನ್ನು ಇಸಿದುಕೊಂಡು ತೋಳು ಮುಟ್ಟಿದ, ತೊಡೆ ಮುಟ್ಟಿದ, ಬೆನ್ನು ಸವರಿದ. ಕಣ್ಣಲ್ಲಿ ನೀರು ಬಂತು.

"ಏನು ಮಾಡಿದಿ ಅಣ್ಣಾ ಇವಗ?"

"ನಿದ್ದಿ ಹತ್ತಿದಾಗ ಅಂಗಾಲು ತಿಕ್ಕಿದೆ. ಎಚ್ಚರಾಗಿ ಮತ್ತ ಕುಡಿತಿದ್ದ."

"ಇಷ್ಟನ? ಯಾವಾಗ ತಿಳೀತು ನಿನಗ?"

ಅಡಿವೆಯ್ಯ ಹೊಳೆಯ ಕಡೆ ನೋಡಿದ. ಯಾವುದಾದರೂ ಒಂದು ಸುಳ್ಳು ಸಾಕಿತ್ತು. ಆದರೆ ಕೂಸು ಚಂಬಣ್ಣನ ಹೆಗಲ ಮೇಲಿಂದ ಇವನನ್ನೇ ನೋಡುತ್ತಿತ್ತು.

"ನೀ ಕೇಳಾಕ ಬಂದಿದ್ದಿಯಲ್ಲ, ಅವತ್ತ ಗೊತ್ತಿತ್ತು."

ಚಂಬಣ್ಣ ಅವನ ಮುಖ ನೋಡಿದ. ಕೂಸನ್ನು ಎದೆಗವಚಿಕೊಂಡು ಮಠದ ಕಡೆ ನಡೆದುಬಿಟ್ಟ.

ಅಡಿವೆಯ್ಯ ಕಟ್ಟೆಯ ಕೆಳಗೆ ಕುಸಿದು ಕೂತ. ಗೆದ್ದೆನೆಂದು ಹಿಡಿದು ತಂದಿದ್ದ ಡೈಪರು ಇನ್ನೂ ಕೈಯಲ್ಲೇ ಇತ್ತು.

"ಅಜ್ಜಾರ, ನನ್ನ ಮಠದಿಂದ ಕಳಸಿಬಿಡ್ರಿ."

"ಯಾಕ?"

"ಒಂದು ಕೂಸಿನ ಹಾಲು ಕಡಿಮಿ ಮಾಡಿದೆ. ಇನ್ನೊಂದು ಒಣಗಾಕ ಹತ್ತಿದ್ರೂ ಬಾಯಿ ಬಿಡಲಿಲ್ಲ. ಹೊಟ್ಟೀಕಿಚ್ಚು ನನ್ನ ಅಷ್ಟು ಕೆಳಗ ಇಳಿಸಿತ್ತು."

"ಗೊತ್ತೈತಿ."

"ಗೊತ್ತಿದ್ದೂ ಅಂಥವನ ಉಡ್ಯಾಗ ಆ ಒಣಕಲು ಕೂಸನ್ನ ಯಾಕ ಹಾಕಿದ್ರಿ?"

ಅಜ್ಜಾರು ಕೊನೆಯ ಗಂಟು ಬಿಗಿದರು.

"ಚಂಬಣ್ಣ ಕಣ್ಣು ಮುಚ್ಚಿ ಹಾಡತಿದ್ದ. ನೀ ಕಿಡಕ್ಯಾಗ ನಿಂತು, ಹೊಟ್ಟಿ ಉರಕೋತ, ಕಣ್ಣ ತುಂಬ ಅದನ್ನ ನೋಡತಿದ್ದಿ. ಆ ಕೂಸನ್ನ ಅಷ್ಟು ನೋಡಾವ್ರು ಬ್ಯಾರೆ ಯಾರಿದ್ರು?"