ಸತ್ತಿಗೆ ಮಡುವಿಗೆ ಆ ಹೆಸರು ಬಂದದ್ದು

ಹೊಳೆಗೊಂದಿಯ ಹತ್ತಿರ ಕೃಷ್ಣೆ ಕರಿಬಂಡೆಗಳ ನಡುವೆ ತಿರುವು ತೆಗೆದುಕೊಂಡು ಹರಿಯುತ್ತಾಳೆ. ಆ ತಿರುವಿನಲ್ಲಿ ನೀರು ನಿಂತಂತೆ ಕಾಣುತ್ತದೆ. ನಿಂತಿರುವುದಿಲ್ಲ, ಒಳಗೊಳಗೇ ಸುತ್ತುತ್ತಿರುತ್ತದೆ. ಇದೇ ಸತ್ತಿಗೆ ಮಡು. ಸತ್ತಿಗೆ ಎಂದರೆ ದೊಡ್ಡವರ ತಲೆಯ ಮೇಲೆ ಆಳುಗಳು ಹಿಡಿಯುತ್ತಿದ್ದ ಕೊಡೆ. ಹೆಸರು ಕೇಳಿದವರೆಲ್ಲ ಇಲ್ಲಿ ಯಾವನೋ ಅರಸ ಪಟ್ಟ ಕಟ್ಟಿಸಿಕೊಂಡಿರಬೇಕೆಂದು ತಮ್ಮಷ್ಟಕ್ಕೇ ತೀರ್ಮಾನಿಸಿಬಿಡುತ್ತಾರೆ. ಪಟ್ಟಣದಿಂದ ಪ್ರವಾಸಿಗರನ್ನು ಕರೆತರುವ ಮಹಾಶಯರೊಬ್ಬರು ಆ ಅರಸನಿಗೆ ಹೆಸರನ್ನೂ ಕೊಟ್ಟು, ಒಂದೆರಡು ಯುದ್ಧಗಳನ್ನೂ ಗೆಲ್ಲಿಸಿದ್ದಾರೆ. ಊರಿನವರು ಅವರನ್ನು ತಿದ್ದುವ ಗೋಜಿಗೆ ಹೋಗುವುದಿಲ್ಲ. ನಿಜ ಹೇಳಹೊರಟರೆ ತಮ್ಮ ಹಿರಿಯರ ಮುಖಕ್ಕೇ ಮಸಿ ಹತ್ತುತ್ತದೆ ಎಂಬುದು ಅವರಿಗೆ ಗೊತ್ತು.

ಹಿಂದೆ ಒಮ್ಮೆ ಈ ಸೀಮೆಯೆಲ್ಲ ಒಬ್ಬ ದೇಸಾಯಿಯ ಕೈಕೆಳಗಿತ್ತು ಎನ್ನುತ್ತಾರೆ. ಆತ ತನ್ನ ವಾಡೆಗೆ ಹೊಸ ಬುರುಜು ಕಟ್ಟಿಸಲು ಊರೂರುಗಳಿಂದ ಜನರನ್ನು ಬಿಟ್ಟಿ ಹಿಡಿಸಿದ. ಕೂಲಿಯಿಲ್ಲ, ಒಲ್ಲೆ ಎನ್ನುವ ಹಾಗಿಲ್ಲ. ಬಾಣಂತಿಯರೂ ಕಲ್ಲು ಹೊತ್ತರು. ಬಿದ್ದವರನ್ನು ಪಕ್ಕಕ್ಕೆ ಸರಿಸಿ ಅವರ ಮನೆಯಿಂದ ಇನ್ನೊಬ್ಬರನ್ನು ಎಳೆದು ತರುತ್ತಿದ್ದರು. ಹೊಳೆಗೊಂದಿಯ ಹಿರಿಯರು ಮೇಲಿನ ಸರಕಾರಕ್ಕೆ ಹೋಗಿ ಕಾಲಿಗೆ ಬಿದ್ದರು. ಸರಕಾರ ಎಲ್ಲವನ್ನೂ ಕೇಳಿ, ವಿಚಾರಣೆ ಮಾಡುವಂತೆ ದೇಸಾಯಿಗೇ ಅಪ್ಪಣೆ ಕೊಟ್ಟಿತು. ಆತ ವಿಚಾರಣೆ ಮಾಡಿದ. ದೂರು ಒಯ್ದವರ ಬೆನ್ನಿನ ಮೇಲೆ ಅದರ ಬರೆ ಬಹಳ ದಿನ ಉಳಿಯಿತು.

ಆ ಬರೆಗಳನ್ನು ಹೊತ್ತವರಲ್ಲಿ ಮಲ್ಕಪ್ಪ ಎಂಬ ಹಿರಿಯ ಒಬ್ಬ. ಆತ ಒಂದು ದಿನ ಹೊಳೆ ದಾಟಿಸುವ ಅಂಬಿಗರ ಹುಲಿಗೆಪ್ಪನ ಗುಡಿಸಲಿಗೆ ಬಂದು, ಬರುವ ವಾರ ದೇಸಾಯಿ ಆಚೆ ದಡದ ಊರುಗಳಿಗೆ ಬಿಟ್ಟಿ ಹಿಡಿಯಲು ಹೋಗುತ್ತಾನೆಂದೂ, ಕಾವಲಿನವರು ಮೊದಲೇ ದಾಟಿರುತ್ತಾರೆಂದೂ ತಿಳಿಸಿದ. ಮಾತು ಎತ್ತ ಹೊರಟಿದೆ ಎಂದು ಹುಲಿಗೆಪ್ಪನಿಗೆ ತಿಳಿಯಿತು. ಹರಿಗೋಲಿಗೆ ಕಾಲಿಟ್ಟವರು ಯಾರೇ ಇರಲಿ, ದಡ ಮುಟ್ಟುವ ತನಕ ಅಂಬಿಗನ ಮಕ್ಕಳು ಎಂಬುದು ಅವರ ಕುಲದ ಕಟ್ಟಳೆ. ಹಾಗೆಂದು ಹೇಳಿಯೂ ಹೇಳಿದ. ಮಲ್ಕಪ್ಪ ಅಂಗಿ ಕಳಚಿ ಬೆನ್ನು ತೋರಿಸಿ, “ಬ್ಯಾರೆ ದಾರಿ ಇದ್ರ ಹೇಳೋ ತಮ್ಮಾ, ಅದನ್ನೇ ಮಾಡೂಣು,” ಎಂದ. ಹುಲಿಗೆಪ್ಪನಿಗೆ ಬೇರೆ ದಾರಿ ಹೊಳೆಯಲಿಲ್ಲ. ಇಂದಿಗೂ ಆ ಊರಿನಲ್ಲಿ ಈ ಕಥೆ ಹೇಳುವವರು ಇಲ್ಲಿಗೆ ಬಂದಾಗ ಸ್ವಲ್ಪ ನಿಲ್ಲಿಸಿ, ಕೇಳುವವರ ಮುಖ ನೋಡುತ್ತಾರೆ.

ಮಳೆಗಾಲ ಮುಗಿದ ಹೊಸತು. ಹೊಳೆ ಇನ್ನೂ ತುಂಬಿತ್ತು, ಬಿಸಿಲು ಚುರುಕಾಗಿತ್ತು. ದೇಸಾಯಿ ಹರಿಗೋಲಿನ ನಡುವೆ ಕುಳಿತ. ಅವನ ಹಿಂದೆ ಸತ್ತಿಗೆ ಹಿಡಿದ ಆಳೊಬ್ಬ ನಿಂತ. ಯಜಮಾನನ ತಲೆಗೆ ಬಿಸಿಲು ತಾಗಿದರೆ ತನ್ನ ಬೆನ್ನಿಗೆ ಚಾಟಿ ಎಂದು ತಿಳಿದಿದ್ದವನು, ಹರಿಗೋಲು ತಿರುಗಿದಂತೆಲ್ಲ ತಾನೂ ತಿರುಗಿ ಬಿಸಿಲಿಗೆ ಅಡ್ಡ ಹಿಡಿಯುತ್ತಿದ್ದ. ಹುಲಿಗೆಪ್ಪ ಅವನನ್ನು ನೋಡಿದ್ದ, ಆದರೆ ಅವನ ಬಗ್ಗೆ ಯೋಚಿಸಲಿಲ್ಲ. ಆ ದಡದಲ್ಲಿ ಮಕ್ಕಳು ಸರಿಯಾಗಿ ನಡೆಯುವ ಮೊದಲೇ ಈಸುತ್ತಾರೆ. ಈಸು ಬಾರದ ಮನುಷ್ಯನೊಬ್ಬ ಇರಬಹುದೆಂದು ಹುಲಿಗೆಪ್ಪನಿಗಾಗಲಿ, ಅಷ್ಟೆಲ್ಲ ಲೆಕ್ಕ ಹಾಕಿದ್ದ ಮಲ್ಕಪ್ಪನಿಗಾಗಲಿ ತಲೆಗೇ ಬರಲಿಲ್ಲ. ಕಡಗ, ಕಂಠಿ, ಜರಿಶಾಲುಗಳ ಭಾರದ ದೇಸಾಯಿ ಮುಳುಗುತ್ತಾನೆ, ಆಳು ಈಸಿ ಬರುತ್ತಾನೆ, ಅಷ್ಟೇ. ಮಡುವಿನ ಸುಳಿಗೆ ಬಂದಾಗ ಹುಲಿಗೆಪ್ಪ ಅಂಚಿನ ಮೇಲೆ ತನ್ನ ಮೈಭಾರವನ್ನೆಲ್ಲ ಹಾಕಿ ಹರಿಗೋಲು ಮಗಚಿದ. ದೇಸಾಯಿ ಕಲ್ಲಿನಂತೆ ಇಳಿದುಹೋದ. ಹುಲಿಗೆಪ್ಪ ಈಸಿ ದಡಕ್ಕೆ ಬಂದು ಹಿಂತಿರುಗಿ ನೋಡಿದರೆ ಆಳು ಇನ್ನೂ ನೀರಿನಲ್ಲಿ ಸತ್ತಿಗೆಯ ಕೋಲನ್ನು ಎರಡೂ ಕೈಯಲ್ಲಿ ಹಿಡಿದು ಇವನ ಕಡೆಗೇ ನೋಡುತ್ತಿದ್ದ. ಕೂಗಲೂ ಇಲ್ಲ. ಹುಲಿಗೆಪ್ಪ ಮತ್ತೆ ನೀರಿಗೆ ಬಿದ್ದು ಅಲ್ಲಿಗೆ ತಲುಪುವಷ್ಟರಲ್ಲಿ ಬರಿಯ ಸತ್ತಿಗೆ ಸುಳಿಯಲ್ಲಿ ತಿರುಗುತ್ತಿತ್ತು. ಕಣ್ಣು ಕೆಂಪಾಗುವ ತನಕ ಮುಳುಗಿ ಹುಡುಕಿದ. ಸಿಗಲಿಲ್ಲ.

ಹೊಳೆ ಸೆಳೆದೊಯ್ದಿತೆಂದು ವಾಡೆಯವರು ನಂಬಿದರು. ದೇಸಾಯಿಯ ಹೆಂಡತಿ ಹೊಳೆ ಮುನಿದಿದೆಯೆಂದು ಹೆದರಿ ಬುರುಜಿನ ಕೆಲಸ ನಿಲ್ಲಿಸಿದಳು. ಬಿಟ್ಟಿ ಹೋದವರು ಮನೆಗೆ ಮರಳಿದರು. ಆ ಸಾವಿನಿಂದ ಜನ ಬದುಕಿಕೊಂಡರು ಎಂಬುದನ್ನು ಅಲ್ಲಗಳೆಯುವಂತಿಲ್ಲ. ಹೊಳೆಗೊಂದಿಯಲ್ಲಿ ಹೋಳಿಗೆ ಮಾಡಿದರು. ಹುಲಿಗೆಪ್ಪನ ತಟ್ಟೆಗೂ ಬಡಿಸಿದರು. ಮಲ್ಕಪ್ಪ ಅವನ ಹೆಗಲ ಮೇಲೆ ಕೈಯಿಟ್ಟು, “ಒಂದು ಜೀವಕ್ಕ ಎಷ್ಟು ಜೀವ ಉಳದಾವ ನೋಡು,” ಎಂದಾಗ, “ಎರಡು ಜೀವ, ಕಾಕಾ,” ಎಂದಷ್ಟೇ ಹೇಳಿ ಎದ್ದು ಹೋದ.

ಕೆಲವು ದಿನಗಳ ಮೇಲೆ ಒಬ್ಬ ಮುದುಕಿ ದಡಕ್ಕೆ ಬಂದಳು. “ಯಪ್ಪಾ, ನನ್ನ ಮಗ ದೇಸಾಯರಿಗೆ ಸತ್ತಿಗಿ ಹಿಡೀತಿದ್ದ. ಹೊಳ್ಯಾಗ ಹೋದ ಅಂತಾರ. ಆ ಜಾಗ ಒಂಚೂರು ತೋರ್ಸು,” ಎಂದಳು. ಹುಲಿಗೆಪ್ಪ ಅವಳನ್ನು ಹರಿಗೋಲಿನಲ್ಲಿ ಕೂರಿಸಿಕೊಂಡು ಮಡುವಿನ ಅಂಚಿಗೆ ಒಯ್ದ. ಬಾಯಿ ಬಿಟ್ಟರೆ ವಾಡೆಯವರು ಊರನ್ನೇ ಸುಟ್ಟಾರು ಎಂದು ಮಲ್ಕಪ್ಪ ಆಣೆ ಹಾಕಿಸಿದ್ದ. ಆದರೂ ಅವಳ ಎದುರು ಸುಮ್ಮನಿರಲು ಅವನಿಂದ ಆಗಲಿಲ್ಲ.

“ಹರಿಗೋಲು ನಾನೇ ಮಗಚಿದೆ, ಯವ್ವಾ. ದೇಸಾಯಿ ಸಲುವಾಗಿ. ನಿನ್ನ ಮಗ ಈಸಿ ಬರ್ತಾನ ಅಂದ್ಕೊಂಡಿದ್ದೆ.”

ಮುದುಕಿ ಬಗ್ಗಿ ಮಡುವಿನ ನೀರಿಗೆ ಕೈ ಅದ್ದಿದಳು. “ನಮ್ಮ ಗುಡ್ಡದ ಊರಾಗ ನೀರು ಅಂದ್ರ ಕೊಡದಾಗ ಇರೋದು. ಅಂವ ಎಲ್ಲಿ ಈಸು ಕಲೀಬೇಕು?” ಎಂದಳು. ಆಮೇಲೆ, “ದೇಸಾಯಿ ಸತ್ತ ಅಂದಕೂಡ್ಲೇ ನಾನೂ ನಕ್ಕೆ. ಸುದ್ದಿ ಪೂರಾ ಕೇಳೋಕಿಂತ ಮೊದಲ,” ಎಂದಳು.

“ವಾಡೇಕ ಹೋಗಿ ಹೇಳು, ಯವ್ವಾ. ನನ್ನ ತಲಿ ತೆಗೀಲಿ.”

“ನಿಂದೊಂದೇ ತೆಗೀತಾರೇನು? ಈ ಊರಾಗೂ ತಾಯಂದ್ರು ಅದಾರ.”

ದಡಕ್ಕೆ ಇಳಿಸುವಾಗ ಹುಲಿಗೆಪ್ಪ ಅವಳ ಕಾಲು ಮುಟ್ಟಿ ಮಗನ ಹೆಸರು ಕೇಳಿದ. ಊರಿನವರು ಆಗಲೇ ಹೆಮ್ಮೆಯಿಂದ ದೇಸಾಯಿ ಮಡು ಎನ್ನತೊಡಗಿದ್ದರು. ಅದನ್ನು ಬಿಡಿಸಿ ಅವನ ಹೆಸರಿಡುತ್ತೇನೆ ಎಂದ. ಮುದುಕಿ ತಿರುಗಿ ನಿಂತಳು.

“ಹತ್ತಿಸ್ಕೊಳ್ಳುವಾಗ ಕೇಳಿದ್ದೇನು?”

“ಇಲ್ಲ.”

“ಹಂಗಾರ ಈಗೂ ಬ್ಯಾಡ,” ಎಂದು ಗುಡ್ಡದ ದಾರಿ ಹಿಡಿದಳು. ಹುಲಿಗೆಪ್ಪ ಆಮೇಲೆ ಗುಡ್ಡದ ಊರುಗಳಿಗೆಲ್ಲ ಹೋಗಿ ವಿಚಾರಿಸಿದ. ಯಾರೂ ಹೇಳಲಿಲ್ಲ. ಆ ಸತ್ತವನ ಬಗ್ಗೆ ಊರಿಗೆ ತಿಳಿದಿದ್ದದ್ದು ಅವನ ಕೈಯಲ್ಲಿದ್ದ ಸತ್ತಿಗೆಯೊಂದೇ, ಅದೂ ಅವನದಲ್ಲ, ದೇಸಾಯಿಯದು. ಬೇರೇನೂ ಇರಲಿಲ್ಲವಾದ್ದರಿಂದ ಮಡುವಿಗೆ ಅದನ್ನೇ ಇಟ್ಟರು.

ಈಗಲೂ ಹೊಳೆಗೊಂದಿಯಲ್ಲಿ ಹರಿಗೋಲು ಹತ್ತಲು ಹೋದರೆ ಅಂಬಿಗರು ಒಬ್ಬೊಬ್ಬರನ್ನೇ ನಿಲ್ಲಿಸಿ ಹೆಸರು ಕೇಳುತ್ತಾರೆ. ಸರಕಾರದ ನಿಯಮವಿರಬೇಕೆಂದು ಬಂದವರು ಬೇಸರದಿಂದಲೇ ಹೇಳುತ್ತಾರೆ, ಕೆಲವರು ಫೋನು ನಂಬರನ್ನೂ ಸೇರಿಸುತ್ತಾರೆ. ಅಂಬಿಗ ಯಾವುದನ್ನೂ ಬರೆದುಕೊಳ್ಳುವುದಿಲ್ಲ. ಕೇಳಿದ ಹೆಸರನ್ನು ತಾನೂ ಒಂದು ಸಲ ತಪ್ಪಿಲ್ಲದೆ ಹೇಳುತ್ತಾನೆ, ಈಸು ಬರುತ್ತದೆಯೇ ಎಂದು ವಿಚಾರಿಸುತ್ತಾನೆ, ಬಾರದವರನ್ನು ತನ್ನ ಮಗ್ಗುಲಿಗೆ ಕೂರಿಸಿಕೊಂಡು ಹುಟ್ಟು ಹಾಕುತ್ತಾನೆ.